ವಂಶವೃಕ್ಷಕ್ಕೆ ನಿಲುಕದ ಸಿಂಹಾಸನ: ಇಸ್ತಾಂಬುಲ್‌ನಲ್ಲಿ ಐದು ದಿನ

ಹೊರಡುವ ಮುನ್ನ

ಹಾನಗಲ್ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಪೌತಿ ಖಾತೆ, ವಂಶವೃಕ್ಷ, ಹಿಸ್ಸೆ, ತಕರಾರು ಅರ್ಜಿ ಇವುಗಳ ನಡುವೆಯೇ ನನ್ನ ಕೂದಲು ಬೆಳ್ಳಗಾಯಿತು. ಸತ್ತವನ ಆಸ್ತಿ ಯಾರಿಗೆ ಎಂಬ ಒಂದೇ ಪ್ರಶ್ನೆಗೆ ಜೀವಮಾನವಿಡೀ ಉತ್ತರ ಬರೆದವನಿಗೆ ಇಸ್ತಾಂಬುಲ್‌ನ ಹುಚ್ಚು ಹಿಡಿದದ್ದು ನಮ್ಮದೇ ತಾಲ್ಲೂಕಿನ ಅಕ್ಕಿಆಲೂರಿನಿಂದ. ಆ ಊರಿನಲ್ಲಿ ಹಿಂದೊಮ್ಮೆ ಸಿಕ್ಕ ನಿಧಿಯಲ್ಲಿ ಕಾನ್‌ಸ್ಟಾಂಟಿನೋಪಲ್‌ನ, ಅಂದರೆ ಇಂದಿನ ಇಸ್ತಾಂಬುಲ್‌ನ, ಸಾಮ್ರಾಟರು ಐದು, ಆರನೆಯ ಶತಮಾನದಲ್ಲಿ ಹೊರಡಿಸಿದ ಚಿನ್ನದ ನಾಣ್ಯಗಳಿದ್ದವು. ಆ ಕಾಲದ ನಾಣ್ಯಗಳ ಮೇಲೆ ಲ್ಯಾಟಿನ್‌ನಲ್ಲಿ ಮೊಟಕು ಅಕ್ಷರಗಳಿರುತ್ತವೆ. ಬಿಡಿಸಿ ಓದಿದರೆ ‘ನಮ್ಮ ಒಡೆಯ ಇಂಥವನು, ಶಾಶ್ವತ ಆಗಸ್ಟಸ್’ ಎಂದಾಗುತ್ತದೆ. ಆಗಸ್ಟಸ್ ಎಂಬುದು ರೋಮನ್ ಸಾಮ್ರಾಟರ ಬಿರುದು. ಹೀಗೆ ‘ಶಾಶ್ವತ’ ಎಂದು ಕರೆಸಿಕೊಂಡ ಜೀನೋ ಎಂಬ ಸಾಮ್ರಾಟ ಪಟ್ಟವೇರಿದ ಮರುವರ್ಷವೇ, ಅಂದರೆ 475ರಲ್ಲಿ, ರಾಜಧಾನಿ ಬಿಟ್ಟು ಓಡಿಹೋಗಿದ್ದ. ಮತ್ತೆ ಬಂದು ಕುಳಿತದ್ದು 476ರಲ್ಲಿ. ಈ ಸಂಗತಿ ಓದಿದ ದಿನವೇ ನನಗೆ ಅನುಮಾನ ಬಂದಿತ್ತು: ಹಕ್ಕು ಗಟ್ಟಿಯಾಗಿದ್ದವನು ಅರ್ಜಿಯಲ್ಲಿ ಇಷ್ಟು ಜೋರಾಗಿ ಕೂಗುವುದಿಲ್ಲ.

ನನ್ನ ಹೆಂಡತಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿದವಳು. ‘ಈ ಸಾಮ್ರಾಜ್ಯವನ್ನು ನಾವು ಬೈಜಾಂಟೈನ್ ಎನ್ನುತ್ತೇವೆ. ಅಲ್ಲಿನವರು ತಮ್ಮ ರಾಜ್ಯಕ್ಕೆ ಆ ಹೆಸರು ಬಳಸಲೇ ಇಲ್ಲ, ಅದು ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ವಿದ್ವಾಂಸರೊಬ್ಬರು ಚಾಲ್ತಿಗೆ ತಂದದ್ದು. ಕೊನೆಯ ದಿನದವರೆಗೂ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು’ ಎಂದು ವಿಮಾನದಲ್ಲಿಯೇ ನನಗೆ ಮೊದಲ ಪಾಠ ಆಯಿತು.

ಮೊದಲ ದಿನ

ಸುಲ್ತಾನಹಮೆತ್‌ನಲ್ಲಿ ಟ್ರಾಮ್ ಇಳಿದು ಎರಡು ನಿಮಿಷ ನಡೆದರೆ ಹಿಪ್ಪೊಡ್ರೋಮ್. ರಥಗಳು ಓಡುತ್ತಿದ್ದ ಜಾಗದಲ್ಲಿ ಈಗ ಎಳ್ಳು ಮೆತ್ತಿದ ಸಿಮಿತ್ ರೊಟ್ಟಿ ಮಾರುವವರ ಗಾಡಿಗಳಿವೆ. ನಡುವೆ ಈಜಿಪ್ಟಿನಿಂದ ತಂದ ಕಲ್ಲಿನ ಸ್ತಂಭ. 390ರಲ್ಲಿ ಅದನ್ನು ನಿಲ್ಲಿಸಿದವನು ಒಂದನೆಯ ಥಿಯೊಡೋಸಿಯಸ್. ಸ್ತಂಭಕ್ಕಿಂತ ಅದರ ಪೀಠವೇ ನನಗೆ ಇಷ್ಟವಾಯಿತು. ರಥದ ಪಂದ್ಯ ನೋಡಲು ಕುಳಿತ ರಾಜಕುಟುಂಬವನ್ನು ಅದರಲ್ಲಿ ಕೆತ್ತಿದ್ದಾರೆ. ಸಾಮ್ರಾಟನ ಪಕ್ಕದಲ್ಲಿ ಮಕ್ಕಳಾದ ಅರ್ಕಾಡಿಯಸ್ ಮತ್ತು ಹೊನೋರಿಯಸ್ ಇದ್ದಾರೆ. ತಂದೆ ಬದುಕಿರುವಾಗಲೇ ಮಗನಿಗೂ ಆಗಸ್ಟಸ್ ಪದವಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಇಲ್ಲಿನ ಹಳೆಯ ಉಪಾಯ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಂಟಿ ಖಾತೆ. ಪೀಠದ ಒಂದು ಬದಿಯ ಲ್ಯಾಟಿನ್ ಶಾಸನ ಈ ಕಲ್ಲನ್ನು 30 ದಿನಗಳಲ್ಲಿ ನಿಲ್ಲಿಸಿದೆವು ಎನ್ನುತ್ತದೆ, ಇನ್ನೊಂದು ಬದಿಯ ಗ್ರೀಕ್ ಶಾಸನ 32 ಎನ್ನುತ್ತದೆ. ಒಂದೇ ಕಡತದಲ್ಲಿ ಎರಡು ಲೆಕ್ಕ. ಊರು ಬಿಟ್ಟು ಇಷ್ಟು ದೂರ ಬಂದರೂ ಕಚೇರಿ ಬಿಡಲಿಲ್ಲವಲ್ಲ ಎನಿಸಿತು.

ಜಂಟಿ ಖಾತೆ ಬೇಕಾದದ್ದು ಏಕೆಂದರೆ ಸಿಂಹಾಸನಕ್ಕೆ ವಾರಸಾ ಕಾನೂನು ಎಂಬುದೇ ಇರಲಿಲ್ಲ. ಸೈನ್ಯ, ಸೆನೆಟ್, ಜನ ಈ ಮೂವರೂ ಜಯಕಾರ ಹಾಕಿದರೆ ಅವನು ಸಾಮ್ರಾಟ. ಸಾಮ್ರಾಟನ ಮಗನಾಗಿ ಹುಟ್ಟಿದ್ದು ಅನುಕೂಲವೇ ಹೊರತು ಹಕ್ಕಲ್ಲ. 491ರಲ್ಲಿ ಜೀನೋ ಸತ್ತಾಗ ಅವನ ರಾಣಿ ಅರಿಯಾಡ್ನೆ ಇದೇ ಮೈದಾನದ ರಾಜಪೀಠಕ್ಕೆ ಬಂದು ನಿಂತಳು. ಸರಿಯಾದ ಶ್ರದ್ಧೆಯ ರೋಮನ್ ಸಾಮ್ರಾಟನನ್ನು ಕೊಡು ಎಂದು ಜನ ಕೂಗಿದರು. ಅವಳು ಆರಿಸಿದ್ದು ಅರವತ್ತರ ಹರೆಯದ ಅನಸ್ತಾಸಿಯಸ್ ಎಂಬ ಅರಮನೆಯ ಅಧಿಕಾರಿಯನ್ನು. ಆಮೇಲೆ ಅವನನ್ನೇ ಮದುವೆಯೂ ಆದಳು. ಅವನು 27 ವರ್ಷ ಆಳಿ, ತುಂಬಿದ ಖಜಾನೆ ಬಿಟ್ಟು ಸತ್ತ. ನಿಯಮವಿಲ್ಲದ ಕಡೆಯೂ ಒಮ್ಮೊಮ್ಮೆ ಒಳ್ಳೆಯ ನೇಮಕಾತಿ ಆಗುತ್ತದೆ ಎನ್ನಲು ಅವನೊಬ್ಬ ಸಾಕು. ಇದೇ ಮೈದಾನದಲ್ಲಿ 532ರ ದಂಗೆಯ ಜನ ಹಿಪೇಷಿಯಸ್ ಎಂಬವನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಎಳೆದು ತಂದು ಸಾಮ್ರಾಟನನ್ನಾಗಿ ಮಾಡಿದರು. ಸಿಂಹಾಸನದಲ್ಲಿದ್ದ ಜಸ್ಟಿನಿಯನ್‌ನ ಸೈನ್ಯ ಬಾಗಿಲು ಹಾಕಿ ಸುಮಾರು 30,000 ಜನರನ್ನು ಕೊಂದಿತು. ಹಿಪೇಷಿಯಸ್‌ನ ಹೆಣ ಸಮುದ್ರಕ್ಕೆ ಬಿತ್ತು.

ಮಧ್ಯಾಹ್ನ ಆಯಾ ಸೋಫಿಯಾ. ಜಸ್ಟಿನಿಯನ್ ಕಟ್ಟಿಸಿದ ಆ ಚರ್ಚು 2020ರಿಂದ ಮತ್ತೆ ಮಸೀದಿ. ನೋಡಲು ಬಂದ ವಿದೇಶಿಯರಿಗೆ ಮೇಲಿನ ಮೊಗಸಾಲೆ ಮಾತ್ರ, ತಲೆಗೆ 25 ಯೂರೋ. ಹೆಂಗಸರು ತಲೆ ಮುಚ್ಚಿಕೊಳ್ಳಬೇಕು. ಇವಳು ಸೀರೆಯ ಸೆರಗು ಹೊದ್ದುಕೊಂಡಳು, ಕಾವಲಿನವನು ನೋಡಿ ತಲೆಯಾಡಿಸಿದ. ಮೇಲೆ ಹೋಗುವ ದಾರಿ ಮೆಟ್ಟಿಲಲ್ಲ, ಸುತ್ತಿ ಸುತ್ತಿ ಏರುವ ಕಲ್ಲಿನ ಇಳಿಜಾರು. ನನ್ನ ಮೊಣಕಾಲಿಗೆ ಜಸ್ಟಿನಿಯನ್ ಮಾಡಿದ ಉಪಕಾರ ಅದು.

ಮೇಲಿನಿಂದ ಬಗ್ಗಿ ನೋಡಿದರೆ ಕೆಳಗೆ ನೆಲದಲ್ಲಿ ಒಂದು ಚೌಕ, ಅದರೊಳಗೆ ಬಣ್ಣಬಣ್ಣದ ಕಲ್ಲಿನ ದುಂಡು ಬಿಲ್ಲೆಗಳು. ಓಂಫಾಲಿಯನ್, ಅಂದರೆ ಹೊಕ್ಕುಳು. ಸಾಮ್ರಾಟರ ಪಟ್ಟಾಭಿಷೇಕದ ಜಾಗ ಇದೇ ಎನ್ನುತ್ತಾರೆ. ಐದನೆಯ ಶತಮಾನದ ಬಳಿಕ ಮಠಾಧಿಪತಿಗಳ ಮಠಾಧಿಪತಿಯಾದ ಪೇಟ್ರಿಯಾರ್ಕ್ ಕಿರೀಟ ತೊಡಿಸುವುದು ರೂಢಿಗೆ ಬಂತು. ಆದರೂ ಅದು ದೃಢೀಕರಣದ ಮೊಹರು ಮಾತ್ರ. ಆದೇಶ ಬೇರೆಲ್ಲೋ ಆಗಿರುತ್ತಿತ್ತು.

ದಕ್ಷಿಣ ಮೊಗಸಾಲೆಯ ತುದಿಯ ಗೋಡೆಯ ಮುಂದೆ ನಾನು ಮುಕ್ಕಾಲು ಗಂಟೆ ನಿಂತೆ. ಚಿನ್ನದ ಹರಳಿನ ಹಿನ್ನೆಲೆ, ನಡುವೆ ಕ್ರಿಸ್ತ. ಒಂದು ಕಡೆ ಹಣದ ಚೀಲ ಹಿಡಿದ ಸಾಮ್ರಾಟ, ಇನ್ನೊಂದು ಕಡೆ ಸುರುಳಿ ಹಿಡಿದ ರಾಣಿ ಜೋಯಿ. ಸಾಮ್ರಾಟನ ತಲೆಯ ಮೇಲೆ ಬರೆದಿರುವುದು: ‘ಕಾನ್‌ಸ್ಟಂಟೈನ್, ಕ್ರಿಸ್ತದೇವನಲ್ಲಿ ಸ್ವಯಂಪ್ರಭು, ಶ್ರದ್ಧಾವಂತ, ರೋಮನ್ನರ ಬಾಸಿಲಿಯಸ್, ಮೊನೊಮಾಖೋಸ್.’ ಬಾಸಿಲಿಯಸ್ ಎಂದರೆ ಗ್ರೀಕಿನಲ್ಲಿ ಸಾಮ್ರಾಟ, ಮೊನೊಮಾಖೋಸ್ ಅವನ ಮನೆತನದ ಹೆಸರು. ಹತ್ತಿರ ಹೋಗಿ ನೋಡಿದರೆ ಹೆಸರಿನ ಅಕ್ಷರಗಳು ಇಕ್ಕಟ್ಟಾಗಿ ಕುಳಿತಿವೆ. ಮುಖದ ಸುತ್ತ ಹರಳುಗಳ ಸಾಲು ಮುರಿದಿದೆ. ಬೇರೊಬ್ಬನ ಮುಖ, ಬೇರೊಬ್ಬನ ಹೆಸರು ಅಳಿಸಿ ಇವನನ್ನು ಕೂರಿಸಿದ್ದಾರೆ. ಕಂದಾಯ ಕಚೇರಿಯಲ್ಲಿ ತಿದ್ದಿದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದವನ ಕಣ್ಣಿಗೆ ಇದು ತಪ್ಪುವುದಿಲ್ಲ.

ಕಥೆ ಹೀಗಿದೆ. ಜೋಯಿಯ ತಂದೆ ಎಂಟನೆಯ ಕಾನ್‌ಸ್ಟಂಟೈನ್‌ಗೆ ಗಂಡುಮಕ್ಕಳಿರಲಿಲ್ಲ. 1028ರಲ್ಲಿ ಅವನು ಸಾಯುವ ಮುನ್ನ ಮಗಳನ್ನು ಮೂರನೆಯ ರೊಮಾನೋಸ್‌ಗೆ ಕೊಟ್ಟ. ರೊಮಾನೋಸ್ 1034ರಲ್ಲಿ ಸ್ನಾನದ ಕೊಳದಲ್ಲಿ ಸತ್ತ ದಿನವೇ ಜೋಯಿ ನಾಲ್ಕನೆಯ ಮೈಕೇಲ್‌ನನ್ನು ಮದುವೆಯಾದಳು. ಅವನ ಸೋದರಳಿಯ ಐದನೆಯ ಮೈಕೇಲ್‌ನನ್ನು ದತ್ತು ತೆಗೆದುಕೊಂಡಳು. ದತ್ತುಮಗ 1042ರಲ್ಲಿ ತಾಯಿಯನ್ನೇ ತಲೆ ಬೋಳಿಸಿ ದ್ವೀಪಕ್ಕೆ ಅಟ್ಟಿದ. ಆಗ ಊರೇ ಎದ್ದಿತು. ಹೆಂಗಸರೂ ಬೀದಿಗಿಳಿದರು. ಅವನ ಕಣ್ಣು ಕೀಳಿಸಿ ಜೋಯಿ ಮತ್ತು ಅವಳ ತಂಗಿ ಥಿಯೊಡೋರಾರನ್ನು ಜಂಟಿಯಾಗಿ ಕೂರಿಸಿದರು. ಎರಡು ತಿಂಗಳೊಳಗೆ ಜೋಯಿ ಮೂರನೆಯ ಗಂಡನನ್ನು ತಂದಳು. ಅವನೇ ಈ ಗೋಡೆಯ ಮೇಲಿನ ಒಂಬತ್ತನೆಯ ಕಾನ್‌ಸ್ಟಂಟೈನ್. ಗಂಡ ಬದಲಾದಾಗ ಇಡೀ ಚಿತ್ರ ಏಕೆ ಮಾಡಿಸಬೇಕು, ತಲೆ ಬದಲಿಸಿದರೆ ಸಾಕಲ್ಲ?

‘ನೋಡಿ, ಹಕ್ಕು ಇದ್ದದ್ದು ಇವಳಿಗೆ. ಬಿರುದೆಲ್ಲ ಅವನಿಗೆ’ ಎಂದಳು ನನ್ನ ಹೆಂಡತಿ. ಜೋಯಿಯ ತಲೆಯ ಮೇಲೆ ಇರುವುದು ‘ಅತಿ ಶ್ರದ್ಧಾವಂತಳಾದ ಆಗಸ್ಟಾ’ ಎಂದಷ್ಟೇ. ಉದ್ದದ ಬಿರುದು ಬೇಕಾಗಿದ್ದದ್ದು ಮದುವೆಯಿಂದ ಬಂದವನಿಗೆ.

ಪಕ್ಕದ ಚಿತ್ರದಲ್ಲಿ ಎರಡನೆಯ ಜಾನ್ ಕಾಮ್ನೆನೋಸ್, ಹಂಗೆರಿಯಿಂದ ಬಂದ ಅವನ ರಾಣಿ ಐರೀನ್. ಗೋಡೆ ತಿರುಗುವ ಕಿರಿದಾದ ಬದಿಯಲ್ಲಿ ಮಗ ಅಲೆಕ್ಸಿಯೋಸ್. ಅವನನ್ನು ಸಹಸಾಮ್ರಾಟನನ್ನಾಗಿ ಮಾಡಿದ ಮೇಲೆ ಇದ್ದ ಜಾಗದಲ್ಲಿಯೇ ಸೇರಿಸಿದರಂತೆ. ಬಿಳಿಚಿದ ಮುಖದ ಹುಡುಗ, ತಂದೆಗಿಂತ ಮೊದಲೇ ಸತ್ತ. ಜಾನ್‌ನ ಬಿರುದಿನಲ್ಲಿ ‘ಪೊರ್ಫಿರೊಗೆನ್ನೆಟೋಸ್’ ಎಂಬ ಮಾತಿದೆ, ಅರಮನೆಯಲ್ಲಿದ್ದ, ಪಾರ್ಫಿರಿ ಎಂಬ ನೇರಳೆಗೆಂಪು ಕಲ್ಲಿನ ಕೋಣೆಯಲ್ಲಿ ಹುಟ್ಟಿದವನು ಎಂದು. ಆದರೆ ಅವನ ಅಕ್ಕ ಅನ್ನಾ ಕೂಡ ಅದೇ ಕೋಣೆಯಲ್ಲಿ, ಅವನಿಗಿಂತ ನಾಲ್ಕು ವರ್ಷ ಮೊದಲೇ ಹುಟ್ಟಿದ್ದಳು. 1118ರಲ್ಲಿ ತಂದೆ ಸಾಯುತ್ತಿದ್ದಾಗ ಜಾನ್ ಅವನ ಬೆರಳಿನಿಂದ ಮುದ್ರೆಯುಂಗುರ ತೆಗೆದುಕೊಂಡು ಅರಮನೆಗೆ ಓಡಿದ. ಅನ್ನಾ ಮಾಡಿದ ಸಂಚು ಫಲಿಸಲಿಲ್ಲ. ಕಾನ್ವೆಂಟು ಸೇರಿ ತಂದೆಯ ಚರಿತ್ರೆ ಬರೆದಳು. ಉಂಗುರ ತಮ್ಮನಿಗೆ, ಕಡತ ಅಕ್ಕನಿಗೆ.

ಎರಡನೆಯ ದಿನ

ಪುರಾತತ್ತ್ವ ವಸ್ತುಸಂಗ್ರಹಾಲಯದ ಹೊರಗೆ ಪಾರ್ಫಿರಿ ಕಲ್ಲಿನ ಬೃಹತ್ ಶವಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಒಣಗಿದ ಮುರುಗಲ ಸಿಪ್ಪೆಯ ಬಣ್ಣ. ಈ ಕಲ್ಲು ಈಜಿಪ್ಟಿನ ಒಂದೇ ಬೆಟ್ಟದಿಂದ ಬರುತ್ತಿತ್ತು. ಬದುಕಿರುವಾಗ ನೇರಳೆ ವಸ್ತ್ರ, ಕೆಂಪು ಪಾದರಕ್ಷೆ, ಸತ್ತ ಮೇಲೆ ಈ ಪೆಟ್ಟಿಗೆ. ಎಲ್ಲವೂ ಖಾಲಿ. ಒಂದರ ನೆರಳಿನಲ್ಲಿ ಬೆಕ್ಕು ಮಲಗಿತ್ತು.

ಅಲ್ಲಿಂದ ಮರ್ಮರಾ ಸಮುದ್ರದ ದಂಡೆಗೆ ಇಳಿದೆವು. ಬುಕೊಲಿಯೋನ್ ಅರಮನೆಯ ಉಳಿದ ಗೋಡೆ, ಅಮೃತಶಿಲೆಯ ಚೌಕಟ್ಟಿನ ಮೂರು ಕಿಟಕಿಗಳು, ಕೆಳಗೆ ರಸ್ತೆಯಲ್ಲಿ ವಾಹನಗಳ ಗದ್ದಲ. ದುರಸ್ತಿ ನಡೆದಿತ್ತು, ಹೊರಗಿನಿಂದಲೇ ನೋಡಿದೆವು. ಈ ಅರಮನೆ ಸಮುಚ್ಚಯದಲ್ಲಿ ಎಲ್ಲೋ ಇತ್ತು ಆ ಪಾರ್ಫಿರಿ ಕೋಣೆ. ತಂದೆ ಸಿಂಹಾಸನದಲ್ಲಿರುವಾಗ ರಾಣಿ ಇಲ್ಲಿ ಹೆತ್ತ ಮಗುವಿಗೆ ಮಾತ್ರ ಪೊರ್ಫಿರೊಗೆನ್ನೆಟೋಸ್ ಎಂಬ ಹೆಸರು. ಅದನ್ನು ಎಲ್ಲರಿಗಿಂತ ಹೆಚ್ಚು ಬಳಸಿಕೊಂಡವನು ಏಳನೆಯ ಕಾನ್‌ಸ್ಟಂಟೈನ್, ಕಾರಣವೂ ಇತ್ತು. ಅವನ ತಂದೆ ಆರನೆಯ ಲಿಯೋಗೆ ಮೂವರು ಹೆಂಡಿರು ಸತ್ತಿದ್ದರು. ನಾಲ್ಕನೆಯ ಮದುವೆಗೆ ಚರ್ಚಿನಲ್ಲಿ ಅನುಮತಿಯೇ ಇಲ್ಲ. ಮಗ 905ರಲ್ಲಿ ಹುಟ್ಟಿದ ಮೇಲೆ ಲಿಯೋ ತಾಯಿಯನ್ನು ಮದುವೆಯಾದ. ಪೇಟ್ರಿಯಾರ್ಕ್ ಅವನನ್ನು ಚರ್ಚಿನ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದ. ತಂದೆತಾಯಿಯ ಮದುವೆಯ ಬಗ್ಗೆ ತಕರಾರಿದ್ದ ಹುಡುಗ ಹುಟ್ಟಿದ ಕೋಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡ, ಅಷ್ಟೇ.

ಹುಟ್ಟು, ಮದುವೆ ಯಾವುದೂ ಬೇಡವೆಂದು ತೋರಿಸಿದವರೂ ಇದೇ ಅರಮನೆಯಲ್ಲಿದ್ದರು. 820ರ ಕ್ರಿಸ್‌ಮಸ್ ಹೊತ್ತಿಗೆ ಮೈಕೇಲ್ ಎಂಬ ಸೇನಾನಿ ರಾಜದ್ರೋಹಕ್ಕೆ ಮರಣದಂಡನೆ ಪಡೆದು ಸೆರೆಯಲ್ಲಿದ್ದ. ಹಬ್ಬದ ಕಾರಣಕ್ಕೆ ಶಿಕ್ಷೆ ಮುಂದೆ ಹೋಯಿತು. ಅವನ ಕಡೆಯವರು ಬೆಳಗಿನ ಪ್ರಾರ್ಥನೆಯಲ್ಲಿದ್ದ ಸಾಮ್ರಾಟ ಐದನೆಯ ಲಿಯೋನನ್ನು ಕಡಿದು ಹಾಕಿದರು. ಮೈಕೇಲ್‌ನನ್ನು ತಂದು ಸಿಂಹಾಸನದಲ್ಲಿ ಕೂರಿಸಿದಾಗ ಬೇಡಿಯ ಕೀಲಿಕೈ ಸಿಗಲಿಲ್ಲ. ಕಾಲಿನ ಬೇಡಿಯ ಸಮೇತವೇ ಎರಡನೆಯ ಮೈಕೇಲ್ ಸಾಮ್ರಾಟನಾದ. 969ರ ಡಿಸೆಂಬರ್ 11ರ ರಾತ್ರಿ ಜಾನ್ ಜಿಮಿಸ್ಕೆಸ್‌ನ ಜನ ಈ ಸಮುದ್ರದ ಕಡೆಯಿಂದಲೇ ಬುಟ್ಟಿಯಲ್ಲಿ ಮೇಲೇರಿ, ನೆಲದ ಮೇಲೆ ಮಲಗಿದ್ದ ಸಾಮ್ರಾಟ ನಿಕಿಫೊರೋಸ್ ಫೊಕಾಸ್‌ನನ್ನು ಕೊಂದರು. ಸತ್ತವನೂ ಕೊಂದವನೂ ದಂಡನಾಯಕರು. ಕಾಗದದ ಮೇಲೆ ನಿಜವಾದ ಸಾಮ್ರಾಟರೆಂದರೆ ಪಾರ್ಫಿರಿ ಕೋಣೆಯ ಇಬ್ಬರು ಹುಡುಗರು, ಬೇಸಿಲ್ ಮತ್ತು ಕಾನ್‌ಸ್ಟಂಟೈನ್. ಇಬ್ಬರ ತಲೆಯ ಮೇಲೂ ಕಿರೀಟವಿತ್ತು. ಆಳುತ್ತಿದ್ದವರು ಮಾತ್ರ ‘ಪ್ರಭಾರ’ದವರು. ನಮ್ಮಲ್ಲಿ ಒಬ್ಬ ಅಧಿಕಾರಿ ಪ್ರಭಾರದಲ್ಲಿಯೇ ಆರು ವರ್ಷ ಕಳೆದದ್ದು ನೆನಪಾಯಿತು. ಆ ಹುಡುಗ ಬೇಸಿಲ್ ಕಾದು ಕುಳಿತು, ಕೊನೆಗೆ ಸುಮಾರು ನಲವತ್ತು ವರ್ಷ ಯಾರ ಮಾತೂ ಕೇಳದೆ ಆಳಿದ.

ಮೂರನೆಯ ದಿನ

ದ್ವೀಪಗಳಿಗೆ ಹಡಗು. ಸಮುದ್ರಹಕ್ಕಿಗಳು ಪಕ್ಕದಲ್ಲಿಯೇ ಹಾರುತ್ತ ಬಂದವು, ಇವಳು ಅರ್ಧ ಸಿಮಿತ್ ಅವುಗಳಿಗೇ ಹಾಕಿದಳು. ಈ ದ್ವೀಪಗಳಿಗೆ ‘ರಾಜಕುಮಾರರ ದ್ವೀಪಗಳು’ ಎಂಬ ಚಂದದ ಹೆಸರಿದೆ. ಒಳಗಿನ ಅರ್ಥ, ಕೆಳಗಿಳಿಸಿದವರನ್ನು ತಂದು ಹಾಕುವ ಜಾಗ. ಮೊದಲ ನಿಲುಗಡೆ ಕಿನಾಲಿಯಾದಾ. ಮಣ್ಣು ಕೆಂಪಗಿರುವುದರಿಂದ ‘ಮದರಂಗಿ ದ್ವೀಪ’ ಎಂದು ತುರ್ಕರು ಕರೆದರು. ಗ್ರೀಕ್ ಹೆಸರು ಪ್ರೋಟಿ.

ಈ ಗುಡ್ಡದ ಮೇಲಿನ ಮಠಕ್ಕೆ ಬಂದವರಲ್ಲಿ ಒಂದನೆಯ ರೊಮಾನೋಸ್ ಲೆಕಪಿನೋಸ್ ಒಬ್ಬ. ಆರ್ಮೇನಿಯಾ ಮೂಲದ ಬಡ ಕುಟುಂಬದವನು, ನೌಕಾಪಡೆಯ ಮುಖ್ಯಸ್ಥನಾಗಿ, ಹುಡುಗ ಏಳನೆಯ ಕಾನ್‌ಸ್ಟಂಟೈನ್‌ಗೆ ಮಗಳನ್ನು ಕೊಟ್ಟು ಮಾವನಾಗಿ, 920ರಲ್ಲಿ ಸಹಸಾಮ್ರಾಟನಾದ. ಮೆಲ್ಲಗೆ ಅಳಿಯನ ಹೆಸರನ್ನು ಹಿಂದಕ್ಕೆ ಸರಿಸಿ, ತನ್ನ ಮಕ್ಕಳಿಗೂ ಕಿರೀಟ ತೊಡಿಸಿದ. 944ರ ಡಿಸೆಂಬರಿನಲ್ಲಿ ಆ ಮಕ್ಕಳೇ ತಂದೆಯನ್ನು ಇಲ್ಲಿಗೆ ಕಳುಹಿಸಿ ಸನ್ಯಾಸಿ ಮಾಡಿದರು. ಊರಿನ ಜನ ನಿಂತದ್ದು ಪಾರ್ಫಿರಿ ಕೋಣೆಯ ಅಳಿಯನ ಪರ. ಎರಡು ತಿಂಗಳು ತುಂಬುವುದರೊಳಗೆ ಮಕ್ಕಳಿಬ್ಬರೂ ಅದೇ ದ್ವೀಪಕ್ಕೆ ಬಂದಿಳಿದರು. ತಂದೆ ಬಾಗಿಲಿಗೆ ಬಂದು ವ್ಯಂಗ್ಯವಾಗಿ ಸ್ವಾಗತಿಸಿದನಂತೆ. ಹಿಸ್ಸೆ ಜಗಳದಲ್ಲಿ ಅಪ್ಪನನ್ನು ಹೊರಗೆ ಹಾಕಿದ ಮಕ್ಕಳನ್ನು ನಾನೂ ಎಷ್ಟೋ ಕಂಡಿದ್ದೇನೆ, ಆದರೆ ಇಷ್ಟು ಬೇಗ ಅದೇ ಬಾಗಿಲಿಗೆ ಬಂದವರನ್ನು ಕಂಡಿಲ್ಲ.

ನಾಲ್ಕನೆಯ ರೊಮಾನೋಸ್‌ನ ಕಥೆ ಹೇಳುವಾಗ ಮಾತ್ರ ಇವಳ ಧ್ವನಿ ತಗ್ಗಿತು. 1071ರಲ್ಲಿ ಮಂಜಿಕರ್ಟ್‌ನಲ್ಲಿ ಸೆಲ್ಜುಕ್ ಸುಲ್ತಾನ ಆಲ್ಪ್ ಅರ್ಸ್ಲಾನ್‌ಗೆ ಸೆರೆಸಿಕ್ಕವನು. ಸುಲ್ತಾನ ಅತಿಥಿಯಂತೆ ನೋಡಿಕೊಂಡು ಬಿಡುಗಡೆ ಮಾಡಿದ. ರಾಜಧಾನಿಯಲ್ಲಿ ಅಷ್ಟರಲ್ಲಿ ಹೆಂಡತಿಯ ಮೊದಲ ಗಂಡನ ಕಡೆಯವರಾದ ಡೂಕಾಸ್ ಮನೆತನದವರು ಅವನನ್ನು ಕೆಳಗಿಳಿಸಿದ್ದರು. ಅಭಯದ ಮಾತು ನಂಬಿ ಶರಣಾದ. 1072ರಲ್ಲಿ ಕಣ್ಣು ಕಿತ್ತರು. ಹುಣ್ಣು ಕೀವಾಗಿ ಈ ದ್ವೀಪದಲ್ಲಿಯೇ ಸತ್ತ.

ಕಣ್ಣೇ ಏಕೆ ಎಂದು ಕೇಳಬಹುದು. ಸಾಮ್ರಾಟನ ದೇಹ ಊನವಾಗಿರಬಾರದು ಎಂಬ ನಂಬಿಕೆಯಿತ್ತು. ಕೊಲ್ಲುವ ಪಾಪ ಬೇಡವೆಂದು ಅಂಗ ಊನ ಮಾಡುತ್ತಿದ್ದರು. ಮೊದಲು ಮೂಗು ಕೊಯ್ಯುವುದಿತ್ತು. 695ರಲ್ಲಿ ಮೂಗು ಕಳೆದುಕೊಂಡ ಎರಡನೆಯ ಜಸ್ಟಿನಿಯನ್ ಹತ್ತು ವರ್ಷ ಬಿಟ್ಟು, ನೀರಿನ ಕಾಲುವೆಯೊಳಗಿಂದ ನಗರಕ್ಕೆ ನುಸುಳಿ ಮತ್ತೆ ಸಾಮ್ರಾಟನಾದ. ಮೂಗು ಸಾಲದು ಎಂದು ಆಗ ತಿಳಿಯಿತು. ಬಳಿಕ ಕಣ್ಣಿನ ಕಡೆ ಹೊರಳಿದರು.

ದೊಡ್ಡ ದ್ವೀಪ ಬುಯುಕಾದಾದಲ್ಲಿ ಮೀನಿನ ಅಂಗಡಿಗಳ ಮುಂದೆ ಚಹಾ ಕುಡಿಯುತ್ತ ಐರೀನ್ ರಾಣಿಯ ಮಾತು ಬಂತು. 797ರಲ್ಲಿ ತನ್ನ ಮಗ ಆರನೆಯ ಕಾನ್‌ಸ್ಟಂಟೈನ್‌ನ ಕಣ್ಣನ್ನು, ತಾನು ಅವನನ್ನು ಹೆತ್ತ ಆ ಪಾರ್ಫಿರಿ ಕೋಣೆಯಲ್ಲಿಯೇ ಕೀಳಿಸಿದವಳು. ಆಮೇಲೆ ಒಬ್ಬಳೇ ಆಳಿದಳು. ನಾಣ್ಯದ ಮೇಲೆ ‘ಬಾಸಿಲಿಸ್ಸಾ’ ಎಂಬ ಸ್ತ್ರೀಲಿಂಗವಿದ್ದರೂ ಕಾನೂನಿಗೆ ಸಹಿ ಹಾಕುವಾಗ ‘ಬಾಸಿಲಿಯಸ್’ ಎಂಬ ಪುಲ್ಲಿಂಗ ಬಳಸಿದಳು. ಹೆಂಗಸು ಕುಳಿತರೆ ಪೀಠ ಖಾಲಿಯೆಂದೇ ಲೆಕ್ಕ ಎಂಬ ನೆಪದಲ್ಲಿ ಪಶ್ಚಿಮದಲ್ಲಿ 800ರ ಕ್ರಿಸ್‌ಮಸ್ ದಿನ ಪೋಪ್ ಷಾರ್ಲ್‌ಮೇನ್‌ಗೆ ಕಿರೀಟ ತೊಡಿಸಿದ. ಎರಡು ವರ್ಷದಲ್ಲಿ ಅವಳ ಖಜಾನೆಯ ಮುಖ್ಯಸ್ಥನೇ ಅವಳನ್ನು ಇಳಿಸಿ ಈ ದ್ವೀಪಕ್ಕೆ, ಆಮೇಲೆ ಲೆಸ್ಬೋಸ್‌ಗೆ ಸಾಗಹಾಕಿದ. 

ಪಶ್ಚಿಮದ ಆ ಕಿರೀಟದ ಗುರುತು ಇಲ್ಲಿನ ಬಿರುದಿನಲ್ಲಿ ಉಳಿದಿದೆ. ಹಳೆಯ ಲ್ಯಾಟಿನ್ ಬಿರುದುಗಳ ಸಾಲನ್ನು ಬದಿಗಿಟ್ಟು ‘ಕ್ರಿಸ್ತನಲ್ಲಿ ಶ್ರದ್ಧಾವಂತ ಬಾಸಿಲಿಯಸ್’ ಎಂದು 629ರಲ್ಲಿ ಬರೆಸಿದವನು ಹೆರಾಕ್ಲಿಯಸ್, ಪರ್ಷಿಯಾವನ್ನು ಮಣಿಸಿದ ಮರುವರ್ಷ. ಆಗ ಬಾಸಿಲಿಯಸ್ ಎಂದರೆ ಸಾಕಿತ್ತು, ಜಗತ್ತಿಗೆ ಒಬ್ಬನೇ. 812ರಲ್ಲಿ ಇವರ ದೂತರು ಆಖೆನ್‌ಗೆ ಹೋಗಿ ಷಾರ್ಲ್‌ಮೇನ್‌ನನ್ನೂ ಬಾಸಿಲಿಯಸ್ ಎಂದು ಕರೆಯಬೇಕಾಯಿತು. ಆ ಕಾಲದಿಂದ ಇಲ್ಲಿನ ನಾಣ್ಯದ ಮೇಲೆ ‘ರೋಮನ್ನರ’ ಎಂಬ ಮಾತು ಸೇರಿತು. ಊರಿನಲ್ಲಿ ಇನ್ನೊಬ್ಬ ಅದೇ ಹೆಸರಿನವನು ಬಂದ ಮೇಲೆಯೇ ಅಲ್ಲವೇ ನಾವು ಹೆಸರಿನ ಮುಂದೆ ಮನೆತನ ಸೇರಿಸುವುದು?

ನಾಲ್ಕನೆಯ ದಿನ

ಥಿಯೊಡೋಸಿಯಸ್ ಕೋಟೆಗೋಡೆಯ ಉದ್ದಕ್ಕೂ ನಡೆಯಬೇಕೆಂದುಕೊಂಡಿದ್ದೆವು. ಮಳೆ ಬಂತು. ಎರಡು ತುದಿ ಮಾತ್ರ ನೋಡಿದೆವು.

ದಕ್ಷಿಣದ ತುದಿ ಯೆದಿಕುಲೆಯಲ್ಲಿ ಸುವರ್ಣ ದ್ವಾರ. ಗೆದ್ದು ಬಂದ ಸಾಮ್ರಾಟರು ಒಳಬರುತ್ತಿದ್ದ ಬಾಗಿಲು, ಈಗ ಕಲ್ಲು ತುಂಬಿ ಮುಚ್ಚಿದೆ. 1261ರ ಆಗಸ್ಟ್ 15ರಂದು ಎಂಟನೆಯ ಮೈಕೇಲ್ ಪಲೈಯೊಲೋಗೋಸ್ ಇದರೊಳಗಿಂದ, ಮರಿಯಮ್ಮನ ಚಿತ್ರಪಟದ ಹಿಂದೆ ನಡೆದು ಬಂದ. 1204ರಿಂದ ಪಶ್ಚಿಮದ ಕ್ರೂಸೇಡಿಗರ ಕೈಯಲ್ಲಿದ್ದ ರಾಜಧಾನಿ ಮತ್ತೆ ಇವರದಾಯಿತು. ಅವನು ಮಾತ್ರ ಹುಡುಗ ಸಾಮ್ರಾಟ ನಾಲ್ಕನೆಯ ಜಾನ್ ಲಾಸ್ಕರಿಸ್‌ನ ಸಹಸಾಮ್ರಾಟ. ಅದೇ ವರ್ಷದ ಕ್ರಿಸ್‌ಮಸ್ ದಿನ ಹನ್ನೊಂದು ತುಂಬಿದ ಆ ಹುಡುಗನ ಕಣ್ಣು ತೆಗೆಸಿದ. ಪೇಟ್ರಿಯಾರ್ಕ್ ಅರ್ಸೇನಿಯೋಸ್ ಅವನನ್ನು ಚರ್ಚಿನಿಂದ ಹೊರಗಿಟ್ಟ. ಮೈಕೇಲ್ ಪೇಟ್ರಿಯಾರ್ಕನನ್ನೇ ಬದಲಿಸಿದ. ಅವನ ವಂಶ ಕೊನೆಯವರೆಗೂ ಆಳಿತು, ಬೇರೆ ಯಾವ ವಂಶಕ್ಕಿಂತಲೂ ಹೆಚ್ಚು ಕಾಲ. ದಾಖಲೆ ತಿದ್ದಿ ಪಡೆದ ಜಮೀನೇ ಮೊಮ್ಮಕ್ಕಳವರೆಗೆ ಉಳಿಯುವುದನ್ನು ನಾನು ನೋಡಿದ್ದೇನೆ, ಆಶ್ಚರ್ಯವಾಗಲಿಲ್ಲ. ಹೊಟ್ಟೆ ಮಾತ್ರ ಉರಿಯಿತು.

ಉತ್ತರದ ತುದಿಯಲ್ಲಿ ತೆಕ್ಫುರ್ ಅರಮನೆ. ಕೆಂಪು ಇಟ್ಟಿಗೆ, ಬಿಳಿ ಕಲ್ಲು ಪಟ್ಟೆಪಟ್ಟೆಯಾಗಿ. ತೆಕ್ಫುರ್ ಎಂಬುದು ಕಿರೀಟಧಾರಿ ಎಂಬ ಅರ್ಥದ ಆರ್ಮೇನಿಯನ್ ಪದದಿಂದ ಬಂದದ್ದು. ತುರ್ಕರು ಸಣ್ಣಪುಟ್ಟ ಕ್ರೈಸ್ತ ಒಡೆಯರಿಗೂ ಅದನ್ನೇ ಅನ್ನುತ್ತಿದ್ದರು. ಬಿರುದು ಅಗ್ಗವಾಗುವುದಕ್ಕೆ ಹೊರಗಿನವರು ಬೇಕಾಗಲೂ ಇಲ್ಲ. 1081ರಲ್ಲಿ ಪಟ್ಟಕ್ಕೆ ಬಂದ ಅಲೆಕ್ಸಿಯೋಸ್ ಕಾಮ್ನೆನೋಸ್, ಎರಡನೆಯ ಸ್ಥಾನದ ‘ಸೀಸರ್’ ಪದವಿಯನ್ನು ಪ್ರತಿಸ್ಪರ್ಧಿಯಾಗಿದ್ದ ಭಾವನಿಗೆ ಮಾತು ಕೊಟ್ಟುಬಿಟ್ಟಿದ್ದ. ಅಣ್ಣ ಐಸಾಕ್‌ಗೆ ಏನು ಕೊಡುವುದು? ‘ಸೆಬಾಸ್ಟೋಸ್’ ಮತ್ತು ‘ಆಟೊಕ್ರಾಟೋರ್’ ಎರಡನ್ನೂ ಬೆಸೆದು ‘ಸೆಬಾಸ್ಟೊಕ್ರಾಟೋರ್’ ಎಂಬ ಹೊಸ ಹುದ್ದೆ ಸೃಷ್ಟಿಸಿದ. ಸೀಸರ್ ಒಂದು ಮೆಟ್ಟಿಲು ಕೆಳಗಾಯಿತು. ಅವನ ಮೊಮ್ಮಗ ಮ್ಯಾನುಯೆಲ್ ತನ್ನ ಮಗಳಿಗೆ ಗೊತ್ತಾದ ಹಂಗೆರಿಯ ರಾಜಕುಮಾರ ಬೇಲಾನಿಗಾಗಿ ಅದರ ಮೇಲೂ ‘ಡೆಸ್ಪಾಟ್’ ಎಂಬುದನ್ನು ಇಟ್ಟ. ತನಗೇ ಗಂಡುಮಗು ಹುಟ್ಟಿದಾಗ ಬೇಲಾನನ್ನು ಸೀಸರ್‌ಗೆ ಇಳಿಸಿದ. ಬೇಲಾ ಊರಿಗೆ ಹೋಗಿ ಹಂಗೆರಿಯ ರಾಜನಾದ, ಅದೇ ಲೇಸಾಯಿತು. ಉಪ, ಅಪರ, ಹೆಚ್ಚುವರಿ, ವಿಶೇಷ ಎಂದು ಒಂದೇ ಕುರ್ಚಿಗೆ ನಾಲ್ಕು ಹೆಸರು ಇಡುವ ಇಲಾಖೆಯಲ್ಲಿ ದುಡಿದವನು ನಾನು. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಐದನೆಯ ದಿನ

ವಿಮಾನ ರಾತ್ರಿಗೆ. ಬೆಳಗ್ಗೆ ಫಾತಿಹ್ ಮಸೀದಿಗೆ ಹೋದೆವು. ಇದೇ ಗುಡ್ಡದ ಮೇಲೆ ಪವಿತ್ರ ಅಪೊಸ್ತಲರ ಚರ್ಚ್ ಇತ್ತು. ಮೊದಲ ಕಾನ್‌ಸ್ಟಂಟೈನ್‌ನಿಂದ ಹನ್ನೊಂದನೆಯ ಶತಮಾನದವರೆಗೆ ಬಹುತೇಕ ಸಾಮ್ರಾಟರನ್ನು ಹೂಳಿದ್ದು ಅಲ್ಲಿ. ಅದನ್ನು ಕೆಡವಿ ತನ್ನ ಮಸೀದಿ ಕಟ್ಟಿಸಿದ ಒಟ್ಟೋಮನ್ ಸುಲ್ತಾನ ಎರಡನೆಯ ಮೆಹ್ಮೆತ್ ಈಗ ಹಿಂಬದಿಯ ಗೋರಿಯಲ್ಲಿದ್ದಾನೆ. 1453ರ ಮೇ 29ರಂದು ನಗರ ಗೆದ್ದ ಮೇಲೆ ತನ್ನ ಬಿರುದುಗಳಿಗೆ ‘ಕೈಸರ್ ಎ ರೂಮ್’, ರೋಮಿನ ಸೀಸರ್ ಎಂಬುದನ್ನೂ ಸೇರಿಸಿಕೊಂಡ. ಅವನ ಎದುರು ಗೋಡೆಯ ಬಳಿ ಹೋರಾಡಿ ಸತ್ತ ಹನ್ನೊಂದನೆಯ ಕಾನ್‌ಸ್ಟಂಟೈನ್‌ಗೆ ಗೋರಿ ಇಲ್ಲ. 1449ರ ಜನವರಿ 6ರಂದು ದೂರದ ಮಿಸ್ತ್ರಾಸ್‌ನಲ್ಲಿ ಪಟ್ಟಕ್ಕೆ ಬಂದವನು. ಆಯಾ ಸೋಫಿಯಾದ ಆ ಕಲ್ಲಿನ ಹೊಕ್ಕುಳಿನ ಮೇಲೆ ಅವನಿಗೆ ಪಟ್ಟಾಭಿಷೇಕ ಆಗಲೇ ಇಲ್ಲ. ಮೊಹರು ಬೀಳದ ಆ ಒಬ್ಬನೇ ಕೊನೆಯವರೆಗೂ ಜಾಗ ಬಿಡದೆ ನಿಂತದ್ದು.

ಮಸೀದಿಯ ಅಂಗಳದಲ್ಲಿ ಕುಳಿತು ಇವಳು ಬುತ್ತಿಯ ಕೊನೆಯ ಚಕ್ಕುಲಿ ತೆಗೆದಳು. ಸಂತಾನವಿಲ್ಲದ ಕಾನ್‌ಸ್ಟಂಟೈನ್‌ನ ತಮ್ಮನ ಮಗ ಅಂದ್ರೆಯಾಸ್‌ನ ಕಥೆ ಉಳಿದಿತ್ತು. ರೋಮ್ ನಗರದಲ್ಲಿ ಪೋಪ್ ಕೊಡುತ್ತಿದ್ದ ಮಾಶಾಸನದಲ್ಲಿ ಬದುಕುತ್ತ, ‘ಕಾನ್‌ಸ್ಟಾಂಟಿನೋಪಲ್‌ನ ಸಾಮ್ರಾಟ’ ಎಂದು ಬರೆದುಕೊಳ್ಳುತ್ತಿದ್ದವನು. 1494ರಲ್ಲಿ ಆ ಹಕ್ಕನ್ನು ಫ್ರಾನ್ಸಿನ ಎಂಟನೆಯ ಚಾರ್ಲ್ಸ್‌ಗೆ ಷರತ್ತುಗಳ ಮೇಲೆ ಬರೆದುಕೊಟ್ಟ. ಷರತ್ತು ಈಡೇರುವ ಮೊದಲೇ ಚಾರ್ಲ್ಸ್ ಸತ್ತ. 1502ರಲ್ಲಿ ಸಾಯುವಾಗ ಅದೇ ಹಕ್ಕನ್ನು ಸ್ಪೇನಿನ ಫರ್ಡಿನಂಡ್ ಮತ್ತು ಇಸಾಬೆಲಾ ದಂಪತಿಗೆ ಉಯಿಲು ಮಾಡಿದ.

‘ಏನ್ರೀ, ಆ ಕಾಗದ ನಿಮ್ಮ ಮೇಜಿಗೆ ಬಂದಿದ್ದರೆ ಖಾತೆ ಬದಲಿಸುತ್ತಿದ್ದಿರಾ?’

ಚಕ್ಕುಲಿ ಮುರಿಯುತ್ತ ಯೋಚಿಸಿದೆ. ಕೊಟ್ಟವನ ಸ್ವಾಧೀನದಲ್ಲಿ ಒಂದು ಗುಂಟೆಯೂ ಇಲ್ಲ. ಒಮ್ಮೆ ಮಾರಿದ್ದನ್ನು ಮತ್ತೆ ಉಯಿಲು ಮಾಡಿದ್ದಾನೆ. ಅನುಭೋಗದಲ್ಲಿ ಇರುವವನು ಸುಲ್ತಾನ. ಅವನಿಗೆ ನೋಟಿಸೇ ಜಾರಿಯಾಗಿಲ್ಲ.

‘ಇಲ್ಲ. ಆಕ್ಷೇಪಣೆಗೆ ಮೂವತ್ತು ದಿನ ಕಾಲಾವಕಾಶ ಎಂದು ಷರಾ ಬರೆದು ಕಡತ ಬಾಕಿ ಇಡುತ್ತಿದ್ದೆ.’